ಕ್ವಾರಿ ತಳದ ಒಂದು ಹಿಡಿ ಮಣ್ಣು

ಮೊನ್ನೆ ನಮ್ಮಕ್ಕನ ಮಗಳು ಸಮುದ್ರದೊಳಗೆ ಫೋಟೋ ತೆಗೆಸ್ಕೊಂಡು ಹಾಕಿದ್ಲು. ಬೆನ್ನಿಗೆ ಸಿಲಿಂಡರ್, ಬಾಯಲ್ಲಿ ನಳಿಕೆ, ಸುತ್ತ ಬಣ್ಣಬಣ್ಣದ ಮೀನು. ಎಲ್ರೂ ಸೂಪರ್, ಸೂಪರ್ ಅಂತ ಬರೆದಿದ್ರು. ನಾನು ಮಾತ್ರ ಫೋನ್ ಮಾಡಿ "ಎಷ್ಟು ಆಳಕ್ಕೆ ಹೋಗಿದ್ಯೇ?" ಅಂದೆ.

"ಹತ್ತು ಮೀಟರ್ ಅಷ್ಟೇ ಚಿಕ್ಕಮ್ಮ. ಮುಂದಿನ ಸಲ ಇನ್ನೂ ಆಳ ಹೋಗ್ತೀನಿ, ಕೋರ್ಸ್ ಗೀರ್ಸ್ ಎಲ್ಲ ಯಾರಿಗ್ ಬೇಕು, ಗೊತ್ತಿರೋರು ಒಬ್ರು ಕರ್ಕೊಂಡು ಹೋಗ್ತಾರಂತೆ."

ಬೈದೆ. ಸರಿಯಾಗೇ ಬೈದೆ. ಈಗ ಅವಳೂ ಮುನಿಸ್ಕೊಂಡಿದಾಳೆ, ಅವಳಮ್ಮನೂ ಮುನಿಸ್ಕೊಂಡಿದಾಳೆ. ಮುನಿಸ್ಕೊಳ್ಲಿ ಬಿಡಿ. ಹತ್ತು ಮೀಟರ್‌ಗೆ ನಂದೇನೂ ತಕರಾರಿಲ್ಲ. ಆ "ಇನ್ನೂ ಆಳ" ಅನ್ನೋ ಮಾತಿಗೇ ನನ್ನ ತಕರಾರು. ಯಾಕೆ ಅಂತ ಬರೀತೀನಿ. ಸಮುದ್ರವೇ ಇಲ್ದಿರೋ ಊರಿನ ಹೆಂಗಸಿಗೆ ಇದೆಲ್ಲ ಏನ್ ಗೊತ್ತು ಅಂತ ಕಾಮೆಂಟ್ ಹಾಕೋರು ಪೂರ್ತಿ ಓದಿ ಆಮೇಲೆ ಹಾಕಿ.

ನಾನು ಅರಸೀಕೆರೆ ರೈಲ್ವೆ ಕ್ವಾರ್ಟರ್ಸ್ ಹುಡುಗಿ. ನಂಗೆ ನೀರು ಅಂದ್ರೆ ನಲ್ಲಿ ನೀರು. ಮದುವೆ ಮಾಡ್ಕೊಟ್ಟಿದ್ದು ಮಾದಿಹಳ್ಳಿ ಹತ್ರದ ಒಂದು ಮನೆಗೆ. ಆ ಮನೆಯವರಿಗೆ ಸುತ್ತಮುತ್ತ "ಬಾವಿ ಮನೆಯವ್ರು" ಅಂತ ಹೆಸರು. ಬಾವಿಗೆ ಬಿಂದಿಗೆ ಬಿದ್ರೆ ಎಲ್ರೂ ಮೊದಲು ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಇಳಿಬಿಡ್ತಾರೆ, ಅದರ ಕೊಕ್ಕೆಗೆ ಸಿಕ್ಕಿದ್ರೆ ಸಿಕ್ತು. ಅದಕ್ಕೂ ಸಿಗದೇ ಇದ್ದಾಗ ನಮ್ಮ ಮಾವನವರಿಗೆ ಹೇಳಿ ಕಳಿಸೋರು. ಆಯಪ್ಪ ಉಸಿರು ಕಟ್ಟಿ ಒಂದು ಮುಳುಗು ಹಾಕಿದ್ರೆ ಬಿಂದಿಗೆ, ಕೊಡಪಾನ, ಮೂಗುಬೊಟ್ಟು, ಏನು ಬಿದ್ದಿದ್ರೂ ಮೇಲೆ ಬರೋದು. ಬದುಕಿಲ್ಲದ ಮನುಷ್ಯರನ್ನೂ ಎತ್ತಿದಾರಂತೆ, ಅದರ ಮಾತು ಮನೇಲಿ ಆಡ್ತಿರ್ಲಿಲ್ಲ. ನಾನು ಸೊಸೆಯಾಗಿ ಬರೋ ಹೊತ್ತಿಗೆ ಅವ್ರು ತೀರ್ಕೊಂಡಿದ್ರು. ಕೆಲಸ ಇಬ್ಬರು ಗಂಡುಮಕ್ಕಳಿಗೆ ಬಂದಿತ್ತು. ದೊಡ್ಡವರು ನಮ್ಮನೆಯವ್ರು. ಚಿಕ್ಕವನು ನನ್ನ ಮೈದುನ.

ಅವರಲ್ಲೊಂದು ಪದ್ಧತಿ ಇತ್ತು. ತಳ ಮುಟ್ಟಿದವನು ಒಂದು ಹಿಡಿ ಮಣ್ಣು ತರ್ಬೇಕು. ತಂದು ಬಾವಿ ಕಟ್ಟೆ ಮೇಲೆ ಪಟ್ ಅಂತ ಅಂಗೈ ಒತ್ತಿ ನೆರೆದಿರೋರಿಗೆಲ್ಲ ತೋರಿಸ್ಬೇಕು. ಬಿಂದಿಗೆ ಸಿಕ್ಕಿದ್ರೂ ಮಣ್ಣು ಬೇಕು, ಸಿಗದಿದ್ರೂ ಮಣ್ಣು ಬೇಕು. ಬರಿಗೈಲಿ ಬಂದ್ರೆ ಮುಗೀತು, "ಅರ್ಧಕ್ಕೇ ಹೆದರ್ಕೊಂಡು ಬಂದವ್ನೆ ಕಣ್ಲಾ" ಅಂತ ಊರೆಲ್ಲ ನಗಾಡೋದು. ಉಳಿದ ಮಣ್ಣನ್ನ ಪಂಚೆ ತುದೀಲಿ ಕಟ್ಕೊಂಡು ಮನೆಗೆ ತರೋರು. ನಮ್ಮತ್ತೆ ಅದನ್ನ ತುಳಸಿಕಟ್ಟೆಗೆ ಹಾಕೋರು. ಗೆಂಡೆಹಳ್ಳಿ ಕಡೆ ಕಪ್ಪು ಮಣ್ಣು, ಅರೇಹಳ್ಳಿ ಕಡೆ ಕೆಂಪು ಮಣ್ಣು, ಹಳೇಬೀಡಿನ ಜಿಡ್ಡು ಮಣ್ಣು, ಎಲ್ಲ ಬಾವಿ ತಳಾನೂ ನಮ್ಮ ಅಂಗಳದಲ್ಲಿತ್ತು. ಮಕ್ಕಳು ಕೆಲಸ ಮುಗಿಸ್ಕೊಂಡು ಬಂದ್ರೆ "ಉಂಡ್ಯೇನಪ್ಪಾ" ಅಂತ ಕೇಳೋ ಜಾಯಮಾನವೇ ಅಲ್ಲ ಆಯಮ್ಮಂದು. "ಮಣ್ಣೆಲ್ಲಿ?" ಅಂತ ಕೈ ಚಾಚೋರು.

ನಂಗೆ ಮೊದಮೊದಲು ನಗು ಬರೋದು. ಆಮೇಲಾಮೇಲೆ ನಾನೂ ಬಾಗಿಲಲ್ಲಿ ನಿಂತ್ಕೊಂಡು ಮೊದಲು ಅವರ ಕೈ ನೋಡೋಳು, ಆಮೇಲೆ ಮುಖ.

ನಮ್ಮನೆಯವ್ರು ಮದುವೆಗೆ ಮುಂಚೆ ಕೆಲವು ವರ್ಷ ಕರಾವಳೀಲಿ ಒಬ್ಬ ಕಂಟ್ರಾಕ್ಟರ್ ಹತ್ರ ಮುಳುಗೋ ಕೆಲಸ ಮಾಡಿದ್ರು. ಹಡಗಿನ ತಳ ಕೆರೆಯೋದು, ಸರಪಳಿ ಬಿಡಿಸೋದು, ಇಂಥವು. ಅಲ್ಲೇ ಸಿಲಿಂಡರ್ ಕಟ್ಕೊಂಡು ಉಸಿರಾಡೋದು ಕಲಿತಿದ್ದು. ಒಂದು ಸಲ ಎಡಗಿವಿ ತಮಟೆ ಒಡೆದು ರಕ್ತ ಬಂತಂತೆ. ಇನ್ನು ಆಳಕ್ಕೆ ಹೋಗಂಗಿಲ್ಲ ಅಂತ ಡಾಕ್ಟ್ರು ಹೇಳಿದ ಮೇಲೆ ವಾಪಸ್ ಬಂದ್ರು. ಬರೋವಾಗ ಎರಡು ಹಳೇ ಸಿಲಿಂಡರು, ಒಂದು ಸೆಟ್ಟು ನಳಿಕೆ ತಂದಿದ್ರು. ಅದನ್ನ ತಮ್ಮನಿಗೆ ಕಲಿಸಿದ್ರು. ಆಗ ಎಲ್ಲ ತೋಟದಲ್ಲೂ ಮೋಟ್ರು, ಪಂಪು. ಬಿಂದಿಗೆಗಿಂತ ಮೋಟ್ರುಗಳೇ ಜಾಸ್ತಿ ಬೀಳೋವು. ಗಾಳಿ ತುಂಬಿಸ್ಕೊಂಡು ಬರೋಕೆ ಘಟ್ಟ ಇಳಿಯೋ ಲಾರಿಗಳಲ್ಲಿ ಸಿಲಿಂಡರ್ ಕಳಿಸೋರು.

ಆ ಸಿಲಿಂಡರ್ ಒಳಗಿರೋದು ಏನೋ ವಿಶೇಷ ಗಾಳಿ ಅಂತ ನಾನಂದ್ಕೊಂಡಿದ್ದೆ. ಆಸ್ಪತ್ರೇಲಿ ಕೊಡ್ತಾರಲ್ಲ, ಅಂಥದ್ದು. ಒಂದಿನ ದೋಸೆ ಹುಯ್ಯುವಾಗ ಕೇಳ್ದೆ. ನಮ್ಮನೆಯವ್ರು ನಕ್ರು.

"ನೀನೀಗ ಉಸಿರಾಡ್ತಿದೀಯಲ್ಲ, ಅದೇ ಗಾಳಿ ಕಣೇ. ಒತ್ತಿ ಒತ್ತಿ ತುಂಬಿರ್ತಾರೆ ಅಷ್ಟೇ. ಬಾವೀಲಿ ಏನೂ ಮಾಡಲ್ಲ. ತೀರಾ ಆಳಕ್ಕೆ ಹೋದ್ರೆ ಅದೇ ಗಾಳಿ ಸಾರಾಯಿ ಆಗ್ತದೆ."

"ಗಾಳಿ ಹೆಂಗಣ್ಣಾ ಸಾರಾಯಿ ಆಯ್ತದೆ?" ಅಂದ ಮೈದುನ, ಬಾಯ್ತುಂಬ ದೋಸೆ ಇಟ್ಕೊಂಡು.

"ಗಾಳೀಲಿ ನೈಟ್ರೋಜನ್ ಅಂತ ಐತೆ ಕಣ್ಲಾ. ಮೇಲಿದ್ದಾಗ ಪಾಪದ್ದು ಅದು. ನೀರಿನ ಭಾರ ಮೈಮೇಲೆ ಬಿತ್ತು ಅಂದ್ರೆ ರಕ್ತಕ್ಕೆ ಇಳೀತದೆ, ತಲೆಗೆ ಏರ್ತದೆ. ಖಾಲಿ ಹೊಟ್ಟೇಲಿ ಒಂದು ಕ್ವಾರ್ಟರ್ ಹಾಕಿದಂಗೆ. ಭಯ ಹೋಯ್ತದೆ, ಲೆಕ್ಕ ಮರ್ತೋಯ್ತದೆ. ಆಳ ಹೋದಂಗೆ ಗಾಳೀನೂ ಬೇಗ ಖರ್ಚಾಗ್ತದೆ, ಅದೂ ಗೊತ್ತಾಗಲ್ಲ. ನಮ್ಮ ಉಸ್ತಾದ ಹೇಳ್ತಿದ್ದ, ನೀರೊಳಗೆ ನಿಂಗೆ ಕಾರಣ ಇಲ್ದೆ ಖುಷಿ ಆಯ್ತು ಅಂದ್ರೆ ತಕ್ಷಣ ಮೇಲೆ ಬಾ ಅಂತ."

"ಖುಷಿ ಆದ್ರೆ ಯಾರ್ ಬತ್ತಾರೆ ಮೇಲಕ್ಕೆ?" ಅಂದ ಮೈದುನ. ಎಲ್ರೂ ನಕ್ವಿ. ಅವನಿರೋದೇ ಹಂಗೆ. ಸತ್ತ ಮನೇಲೂ ನಗಿಸೋನು.

"ಮೇಲಕ್ಕೆ ಬರೋದಕ್ಕೂ ಲೆಕ್ಕ ಐತೆ. ಗೋಲಿ ಸೋಡಾ ಗೋಲಿ ಒತ್ತಿದ್ರೆ ಬುಸ್ ಅಂತ ಬತ್ತದಲ್ಲ, ದಡಬಡ ಎದ್ದು ಬಂದ್ರೆ ಒಳಗೆ ರಕ್ತ ಹಂಗೆ ನೊರೆ ಏಳ್ತದೆ. ನಿಂತು ನಿಂತು ಬರ್ಬೇಕು. ಉಸಿರು ಕಟ್ಟಂಗಿಲ್ಲ, ಬಿಡ್ತಾ ಬರ್ಬೇಕು. ಅಷ್ಟಾಳಕ್ಕೆ ಹೋಗಬೇಕು ಅಂದ್ರೆ ಬೇರೆ ಗಾಳಿ ಬೆರೆಸಿ ತುಂಬ್ತಾರಂತೆ, ದೊಡ್ಡ ಕಂಪನಿಯವ್ರು. ನಮ್ಮಂಥೋರ್ಗಲ್ಲ."

ಅಷ್ಟೇ ಮಾತು. ದೋಸೆ ತಿಂದು ಕೈ ತೊಳ್ಕೊಂಡ್ರು. ಇಷ್ಟು ಗೊತ್ತಿದ್ದೂ ಹೆಂಗಾಯ್ತು ಅಂತ ನೀವು ಕೇಳ್ತೀರಿ. ನಾನೂ ಬಹಳ ವರ್ಷ ಕೇಳ್ಕೊಂಡಿದೀನಿ.

ಅರಸೀಕೆರೆ ಆಚೆ ಒಂದು ಹಾಳುಬಿದ್ದ ಕಲ್ಲು ಕ್ವಾರಿ. ಕೆಲಸ ನಿಂತ ಮೇಲೆ ಮಳೆ ನೀರು, ಊಟೆ ನೀರು ತುಂಬ್ಕೊಂಡು ಹಸಿರುಗಟ್ಟಿತ್ತು. ಒಬ್ಬ ಟ್ಯಾಂಕರ್‌ನವರು ಅದರಿಂದ ನೀರೆತ್ತೋರು. ಅವರ ದೊಡ್ಡ ಮೋಟ್ರು ಸರಪಳಿ ಕಿತ್ತು ಒಳಗೆ ಬಿತ್ತು. ಬಾವಿ ಮನೆಯವರಿಗೆ ಹೇಳಿ ಕಳಿಸಿದ್ರು. ನಾನಾಗ ತವರಿಗೆ ಬಂದಿದ್ದೆ. ಹೆಂಗೂ ಹತ್ರ ಅಂತ ಡಬ್ಬೀಲಿ ಚಿತ್ರಾನ್ನ ತಗೊಂಡು ಆಟೋ ಹತ್ತಿ ಹೋದೆ.

ನಂಗೆ ಆ ಜಾಗ ಕಂಡ ಕೂಡಲೇ ಹಿಡಿಸ್ಲಿಲ್ಲ. ಬಾವಿಗೆ ಒಂದು ದುಂಡು ಇರ್ತದೆ, ಮೆಟ್ಟಲಿರ್ತದೆ, ಗೋಡೇಲಿ ಪಾರಿವಾಳ ಇರ್ತವೆ. ಇಲ್ಲಿ ಕತ್ತಿಲಿ ಕುಯ್ದಂಗೆ ನೆಟ್ಟಗಿನ ಕಲ್ಲು, ಕೆಳಗೆ ಅಲ್ಲಾಡದ ನೀರು. ಒಂದು ಹಕ್ಕಿ ಕೂಗಿಲ್ಲ. ನಮ್ಮನೆಯವ್ರು ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೋಡಿದ್ರು. ಅವ್ರು ಆಳ ಅಳೆಯೋದು ಆಳಿನ ಲೆಕ್ಕದಲ್ಲಿ, ಅಂದ್ರೆ ಕೈಯೆತ್ತದೆ ನಿಂತ ಮನುಷ್ಯನ ಎತ್ತರ. ನಮ್ಮ ಕಡೆ ಬಾವಿ ಏಳಾಳು, ಎಂಟಾಳು. ಇಲ್ಲಿ ಹಗ್ಗ ಹೋಗ್ತಾನೇ ಇತ್ತು. ಇಪ್ಪತ್ತೈದಾಳು ದಾಟಿದ ಮೇಲೆ ಕಲ್ಲು ನಿಂತಿತು. ನಮ್ಮನೆಯವರ ಮುಖ ಗಂಭೀರ ಆಯ್ತು.

ಆದ್ರೆ ಅದೃಷ್ಟ ನೋಡಿ, ಮೋಟ್ರು ತಳಕ್ಕೆ ಹೋಗಿರ್ಲಿಲ್ಲ. ಅರ್ಧಕ್ಕೂ ಮೇಲೆ ಒಂದು ಚಾಚು ಬಂಡೆ ಮೇಲೆ ಕೂತಿತ್ತು. ಮೈದುನ ಸಿಲಿಂಡರ್ ಕಟ್ಕೊಂಡು ಹೋದ, ಸರಪಳಿ ಬಿಗಿದ, ಎದ್ದು ಬಂದ. ಕ್ರೇನ್ ಲಾರಿ ಎಳೀತು. ಮೋಟ್ರು ನೀರು ಸುರಿಸ್ಕೊಂಡು ಮೇಲೆ ಬಂತು. ಕೆಲಸ ಮುಗೀತು. ಕೆಲಸ ಮುಗಿದಿತ್ತು ಕಣ್ರೀ. ಚಿತ್ರಾನ್ನದ ಡಬ್ಬಿ ಮುಚ್ಚಳ ನಾನು ತೆಗೆದಾಗಿತ್ತು.

ಅಲ್ಲಿ ನೋಡೋಕೆ ನಿಂತಿದ್ದವರಲ್ಲಿ ಒಬ್ಬ ಗೆಂಡೆಹಳ್ಳಿ ಕಡೆಯವನು, ಕ್ರೇನ್ ಲಾರಿ ಜೊತೆ ಬಂದಿದ್ದವನು. ಮೈದುನನ್ನ ನೋಡಿ ಗುರುತು ಹಿಡಿದ. "ಏನ್ಲಾ, ಬಾವಿ ಮನೆ ಅಯ್ಯನ ಮಗ ಅಲ್ವಾ ನೀನು?"

"ಹೂಂ ಕಣಣ್ಣೋ."

"ಮತ್ತೆ ಮಣ್ಣೆಲ್ಲಿ?"

ಮೈದುನ ತನ್ನ ಬರಿಗೈ ನೋಡ್ಕೊಂಡ. ನಮ್ಮನೆಯವ್ರು ಹೇಳಿದ್ರು, "ಮೋಟ್ರು ಬಂಡೆ ಮೇಲಿತ್ತು, ತಳಕ್ಕೆ ಹೋಗೋ ಅಗತ್ಯ ಇರ್ಲಿಲ್ಲ."

"ಅಯ್ಯ ಇದ್ದಿದ್ರೆ ಅಗತ್ಯ ಗಿಗತ್ಯ ಅಂತಿದ್ನಾ? ನಮ್ಮೂರ ಬಾವೀಲಿ ಮೇಲೇ ತೇಲ್ತಿದ್ದ ಕೊಡಪಾನ ತೆಗ್ದು ಕೊಟ್ಟು, ಆಮೇಲೆ ಮುಳುಗಿ ಮಣ್ಣು ತಂದಿದ್ದ ಪುಣ್ಯಾತ್ಮ. ಈಗಿನ ಹೈಕ್ಳು ಬೆನ್ನಿಗೆ ಗ್ಯಾಸ್ ಸಿಲಿಂಡರ್ ಕಟ್ಕೊಂಡೂ ತಳ ಮುಟ್ಟಲ್ಲ."

ಎಲ್ರೂ ನಕ್ರು. ಕೆಟ್ಟ ಮನಸ್ಸಿಂದ ನಕ್ಕಿದ್ದಲ್ಲ, ಸುಮ್ನೆ. ಮೈದುನನೂ ನಕ್ಕ. ನಗ್ತಾ ನಗ್ತಾನೇ ಇನ್ನೊಂದು ಸಿಲಿಂಡರ್ ಹತ್ರ ಹೋದ.

"ಬ್ಯಾಡ ಕಣ್ಲಾ," ಅಂದ್ರು ನಮ್ಮನೆಯವ್ರು. "ಈಗಿನ್ನೂ ಬಂದಿದೀಯ. ರಕ್ತದಲ್ಲಿ ಇನ್ನೂ ಐತೆ ಆ ನೈಟ್ರೋಜನ್. ಅಲ್ದೆ ಇಪ್ಪತ್ತೈದಾಳು. ಕತ್ತಲೆ, ಥಂಡಿ. ಸಮುದ್ರದ ಮಟ್ಟದ ಲೆಕ್ಕ ನಮ್ಮ ಸೀಮೆಗೆ ನಡೆಯಲ್ಲ, ನಾವು ಎಷ್ಟೋ ಮೇಲಿದೀವಿ, ಗಾಳಿ ತೆಳು, ಇಲ್ಲಿ ರಕ್ತ ಇನ್ನೂ ಬೇಗ ನೊರೆ ಏಳ್ತದೆ."

"ಹಿಂಗೋಗಿ ಹಂಗೆ ಬತ್ತೀನಿ ಅಣ್ಣ. ಒಂದು ಹಿಡಿ."

"ನಾ ಹೇಳಿದ್ದು ಕೇಳಿಸ್ತಾ?"

"ಅವ್ವ ಕೈ ಚಾಚ್ತಾಳೆ. ಏನು ಮಡಗ್ಲಿ ಅವಳ ಕೈಗೆ, ಚಿತ್ರಾನ್ನನಾ?"

ಅವ್ವನ ಮಾತು ಬಂದ ಮೇಲೆ ನಮ್ಮನೆಯವ್ರು ಹಗ್ಗದ ಸುರುಳಿ ಕೈಗೆತ್ಕೊಂಡ್ರು. ಅವರೂ ಆ ಮನೆ ಮಗನೇ ತಾನೆ. ಸೊಂಟಕ್ಕೆ ನೈಲಾನ್ ಹಗ್ಗ ಕಟ್ಟಿದ್ರು. ಒಂದು ಸಲ ಜಗ್ಗಿದ್ರೆ ಸರಿಯಾಗಿದೀನಿ, ಎರಡು ಸಲ ಜಗ್ಗಿದ್ರೆ ಹಗ್ಗ ಬಿಡು, ಮೇಲಿಂದ ಮೂರು ಸಲ ಜಗ್ಗಿದ್ರೆ ತಕ್ಷಣ ಬಾ. ಮೈದುನ ನನ್ನ ಕಡೆ ತಿರುಗಿ "ಅತ್ಗೆ, ನನ್ ಪಾಲಿನ ಚಿತ್ರಾನ್ನ ಇವ್ರಿಗೆಲ್ಲ ಕೊಟ್ಬಿಟ್ಟೀಯ" ಅಂದು ನಳಿಕೆ ಕಚ್ಕೊಂಡು ಹಿಮ್ಮುಖ ಬಿದ್ದ.

ಗುಳ್ಳೆಗಳು ಬರ್ತಿದ್ವು. ಹಗ್ಗ ಹೋಗ್ತಿತ್ತು. ಒಂದು ಜಗ್ಗು. ಹಗ್ಗ ಹೋಗ್ತಿತ್ತು. ಎರಡು ಜಗ್ಗು. ಆಮೇಲೆ ನಮ್ಮನೆಯವ್ರು ಒಂದು ಸಲ ಜಗ್ಗಿದ್ರು, ಉತ್ತರ ಇಲ್ಲ. ಮತ್ತೆ ಜಗ್ಗಿದ್ರು. ಇಲ್ಲ. ಮೂರು ಸಲ ಜಗ್ಗಿದ್ರು. ಹಗ್ಗ ಹಂಗೇ ಒಂಚೂರು ನಡುಗ್ತು, ಯಾರೋ ಆ ಕಡೆ ನಗ್ತಿರೋ ಹಂಗೆ. ಈ ಮಾತು ನಾನು ಈಗ ಕಟ್ಟಿ ಹೇಳ್ತಿರೋದಲ್ಲ. ಅವತ್ತೇ ನಮ್ಮನೆಯವ್ರು ಅಂದಿದ್ದು, "ನಗ್ತವ್ನೆ ಕಣೇ ಅವ್ನು."

ಎಳೆಯೋಕೆ ಶುರು ಮಾಡಿದ್ರು. ಭಾರವೇ ಇಲ್ಲ. ಸರಸರ ಬಂತು ಹಗ್ಗ. ತುದೀಲಿ ಯಾರೂ ಇಲ್ಲ. ಗಂಟು ಹರಿದಿರ್ಲಿಲ್ಲ, ಕೈಯಿಂದ ಬಿಚ್ಚಿದ್ದು.

ನಮ್ಮನೆಯವ್ರು ಶರ್ಟು ಕಿತ್ತೆಸೆದು ನೀರಿಗೆ ಹಾರೋಕೆ ಹೋದ್ರು. ಕಿವಿ ಹೋಗಿರೋ ಮನುಷ್ಯ, ಸಿಲಿಂಡರ್ ಇಲ್ಲ. ನಾನು ಹಿಂದಿಂದ ಅವರ ಬನಿಯನ್ ಹಿಡ್ಕೊಂಡೆ. ಬನಿಯನ್ ಹರೀತು. ಅಷ್ಟೊತ್ತಿಗೆ ನೀರಿನ ನಡುವಿಂದ ಬುರುಬುರು ಅಂತ ನೊರೆ ಎದ್ದು, ಅದರ ಹಿಂದೇನೇ ಮೈದುನ ಸೊಂಟದ ತನಕ ಚಿಮ್ಮಿ ಬಂದ. ಬಾಯಲ್ಲಿ ನಳಿಕೆ ಇಲ್ಲ. ಮೂಗಲ್ಲಿ ಒಂಚೂರು ರಕ್ತ. ಮುಖದ ತುಂಬ ನಗು. ಬಲಗೈ ಮುಷ್ಟಿ ಮೇಲಕ್ಕೆ ಎತ್ತಿದ್ದ.

ಈಜ್ಕೊಂಡು ದಡಕ್ಕೆ ಬಂದ. ಆ ಗೆಂಡೆಹಳ್ಳಿಯವನ ಕಾಲ ಹತ್ರ ಇದ್ದ ಬಂಡೆ ಮೇಲೆ ಪಟ್ ಅಂತ ಅಂಗೈ ಹೊಡೆದ.

"ತಗೊಳ್ಲಾ ಮಣ್ಣು!"

ಬಂಡೆ ಮೇಲೆ ಅಂಗೈ ಗುರುತು ಮೂಡಿತ್ತು. ಐದು ಬೆರಳೂ ಚೆನ್ನಾಗಿ ಮೂಡಿತ್ತು. ಆದ್ರೆ ಬರೀ ನೀರಿನ ಗುರುತು. ಒಂದು ಕಣ ಮಣ್ಣಿಲ್ಲ.

ಅವನು ಕೈ ತಿರುಗಿಸಿ ಎಲ್ರಿಗೂ ತೋರಿಸ್ತಿದ್ದ. "ನೋಡು ಅತ್ಗೆ, ಎಷ್ಟು ನುಣ್ಣಗೈತೆ. ಇಂಥ ಮಣ್ಣು ನಮ್ಮಪ್ಪಾನೂ ತಂದಿಲ್ಲ." ನಾನು ನೋಡ್ದೆ. ತೊಳೆದಿಟ್ಟ ಕೈ. ಬಂಡೆ ಮೇಲಿನ ಗುರುತು ಬಿಸಿಲಿಗೆ ಬೆರಳು ಬೆರಳಾಗಿ ಆರ್ತಾ ಹೋಯ್ತು, ಮೊದಲು ಕಿರುಬೆರಳು.

ಚಿತ್ರಾನ್ನ ಎರಡು ತುತ್ತು ತಿಂದ. ಮೊಣಕೈ ನೋಯ್ತದೆ ಅಂದ. ಬೆನ್ನು ಕೆರೀತದೆ ಅಂದ. ಎದ್ದು ನಿಲ್ಲೋಕೆ ಹೋಗಿ ಹಂಗೇ ಕೂತ. "ಅಣ್ಣ, ಕಾಲು ಜೋಮು ಹಿಡ್ದದೆ" ಅಂದ. ನಮ್ಮನೆಯವ್ರು ಅವನ ಪಾದ ಚಿವುಟಿದ್ರು. ಗೊತ್ತಾಗ್ಲಿಲ್ಲ ಅವನಿಗೆ.

ಅರಸೀಕೆರೇಲಿ ಡಾಕ್ಟ್ರು ಆಕ್ಸಿಜನ್ ಹಾಕಿ, ನಮ್ಮನೆಯವ್ರು ಹೇಳಿದ್ದನ್ನೆಲ್ಲ ಕೇಳಿ, "ಇದು ನನ್ನ ಕೈಲಿಲ್ಲ, ಇವ್ರನ್ನ ಮತ್ತೆ ಒತ್ತಡದ ಕೋಣೇಲಿಟ್ಟು ನಿಧಾನಕ್ಕೆ ಬಿಡ್ಬೇಕು, ಅದು ಸಮುದ್ರದ ಕಡೆ ಇರೋದು" ಅಂದ್ರು. ಸಮುದ್ರ ಎಲ್ಲಿ, ಅರಸೀಕೆರೆ ಎಲ್ಲಿ. ಜೀಪಲ್ಲಿ ದಾರಿಯುದ್ದಕ್ಕೂ ಅವನು ಹೇಳ್ತಾ ಇದ್ದಿದ್ದು ಒಂದೇ, "ನೀರಿಗ್ ಬಿಡ್ರೋ ನನ್ನ, ಕೆಳಗೆ ಹೋದ್ರೆ ಸರಿಹೋಯ್ತೀನಿ."

ಬದುಕಿದ. ಕೋಣೇಲೂ ಇಟ್ರು, ತಿಂಗಳುಗಟ್ಟಲೆ ಆಸ್ಪತ್ರೆ ಆಯ್ತು. ಬಲಗಾಲು ಬಂತು. ಎಡಗಾಲು ಪೂರ್ತಿ ಬರ್ಲಿಲ್ಲ. ಕೋಲು ಹಿಡ್ಕೊಂಡು ಮನೆಗೆ ಬಂದ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತಿದ್ರು. ಎರಡೂ ಕೈ ಸೆರಗೊಳಗೆ ಮುಚ್ಚಿಟ್ಕೊಂಡಿದ್ರು. ಆಯಮ್ಮ ಸಾಯೋ ತನಕ ಮತ್ತೆ ಯಾರ ಮುಂದೂ ಆ ಕೈ ಚಾಚ್ಲಿಲ್ಲ.

ಅಲ್ಲಿಗೆ ಮುಗಿದಿದ್ರೆ ನಾನು ಇದನ್ನ ಬರೀತಿರ್ಲಿಲ್ಲ. ಕಾಲು ಹೋಗೋದು ಒಂದು ಕಷ್ಟ, ಸಂಸಾರಸ್ಥರು ಕಷ್ಟ ಹೊರ್ತಾರೆ. ನಂಗೆ ಹೆದರಿಕೆ ಹುಟ್ಟಿಸಿದ್ದು ಬೇರೆ.

ಅವನು ಮಂಚದ ಮೇಲಿದ್ದಾಗ ಗಂಜಿ ಕುಡಿಸೋಳು ನಾನು. ಅಣ್ಣನ ಹತ್ರ ಹೇಳದ್ದು ನನ್ನ ಹತ್ರ ಹೇಳೋನು.

"ಕೆಳಗೆ ಹೋದಂಗೆಲ್ಲ ಭಯ ಕಳಚ್ಕೊಂಡು ಹೋಯ್ತು ಅತ್ಗೆ, ಒದ್ದೆ ಬಟ್ಟೆ ಬಿಚ್ಚಿದಂಗೆ. ಕತ್ತಲೆ. ಆದ್ರೆ ಒಳ್ಳೇ ಕತ್ತಲೆ. ಗಾಳಿ ಎಷ್ಟೈತೆ ಅಂತ ಟಾರ್ಚ್ ಹಾಕಿ ಮೀಟರ್ ಮುಳ್ಳು ನೋಡ್ದೆ. ಮುಳ್ಳು ಕೆಂಪಲ್ಲಿತ್ತು. ಆ ಕೆಂಪು ಎಷ್ಟು ಚಂದ ಇತ್ತು ಅಂತೀಯ. ನೋಡ್ತಾನೇ ಇದ್ದೆ."

"ಅಣ್ಣ ಜಗ್ಗಿದ್ದು ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಕಚಗುಳಿ ಇಟ್ಟಂಗಾಯ್ತು. ನಕ್ಕೂ ನಕ್ಕೂ ಸಾಕಾಯ್ತು. ತಡೆಯಕ್ಕಾಗ್ದೆ ಬಿಚ್ಚಿ ಬಿಟ್ಟೆ."

"ಮತ್ತೆ ಬಂದಿದ್ದು ಹೆಂಗೆ?"

"ಗಾಳಿ ಮುಗೀತು. ಕಾಲು ತಂತಾನೇ ಒದ್ದುಬಿಡ್ತು. ನಾನ್ ಬರ್ಲಿಲ್ಲ ಅತ್ಗೆ, ಮೈ ಬಂತು."

ಮೈ ಬಂತು, ಸರಿ. ಹಂಗಾದ್ರೆ ನನ್ನ ಮುಂದೆ ಗಂಜಿ ಕುಡೀತಿರೋದು ಯಾರು?

ಆಮೇಲೆ ಹಳೇಬೀಡಲ್ಲಿ ಮೋಟ್ರು ವೈಂಡಿಂಗ್ ಕಲ್ತು ಅಂಗಡಿ ಇಟ್ಟ. ಕೂತು ಮಾಡೋ ಕೆಲಸ. ಒಳ್ಳೇ ಕೈಗುಣ. ಆದ್ರೆ ನಗಿಸೋ ಮೈದುನ ಹೋಗಿದ್ದ. ಯಾವಾಗ್ಲೂ ಏನೋ ಮರೆತು ಬಂದವನ ಥರ. "ಇನ್ನೊಂದೇ ಸಲ ಅತ್ಗೆ. ಮಣ್ಣು ಕೈಲಿತ್ತು. ಮೇಲೆ ಬರುವಾಗ ನೀರು ತೊಳ್ದುಬಿಡ್ತು ಅಷ್ಟೆ. ಇನ್ನೊಂದು ಸಲ ಹೋದ್ರೆ ಚೀಲಕ್ಕೆ ತುಂಬ್ಕೊಂಡು ಬತ್ತೀನಿ." ನಮ್ಮನೆಯವ್ರು ಸಿಲಿಂಡರ್‌ಗಳನ್ನ, ನಳಿಕೇನ ಅಟ್ಟಕ್ಕೆ ಹಾಕಿದ್ರು. ಒಂದು ಸಿಲಿಂಡರ್‌ನಲ್ಲಿ ಒಂಚೂರು ಗಾಳಿ ಉಳಿದಿತ್ತು ಅಂತ ಕಾಣ್ತದೆ. ಭಾನುವಾರ ಮಧ್ಯಾಹ್ನ ಎಲ್ರೂ ಉಂಡು ಮಲಗಿದಾಗ ಅಟ್ಟದ ಮೇಲಿಂದ ಸದ್ದು ಬರೋದು. ಹುಸ್ಸ್. ಸ್ವಲ್ಪ ಬಿಟ್ಟು ಇನ್ನೊಂದು ಹುಸ್ಸ್. ಕುಂಟು ಕಾಲಲ್ಲಿ ಏಣಿ ಹತ್ತಿ, ಕತ್ತಲೇಲಿ ಕೂತು, ನಳಿಕೆ ಬಾಯಲ್ಲಿಟ್ಕೊಂಡು ಉಸಿರಾಡ್ತಿದ್ದ. ನಮ್ಮತ್ತೆ ಗೋಡೆ ಕಡೆ ತಿರುಗಿ ಮಲಗಿರೋರು. ನಿದ್ದೆ ಮಾಡ್ತಿರ್ಲಿಲ್ಲ ಅಂತ ಅವರ ಬೆನ್ನು ನೋಡಿದ್ರೇ ಗೊತ್ತಾಗೋದು.

ಒಂದಿನ ಅಂಗಡಿ ಬಾಗಿಲು ಹಾಕಿತ್ತು. ಸಂಜೆ ಪಕ್ಕದ ಮನೆ ಫೋನಿಗೆ ಆ ಟ್ಯಾಂಕರ್‌ನವರು ಮಾಡಿದ್ರು, ನಿಮ್ಮ ಹುಡುಗ ಬೆಳಗಿಂದ ಕ್ವಾರಿ ಅಂಚಲ್ಲಿ ಕೂತಿದಾನೆ, ಕರೆದ್ರೆ ಬರ್ತಿಲ್ಲ ಅಂತ. ನಮ್ಮನೆಯವ್ರು ಹೋಗಿ ಕರ್ಕೊಂಡು ಬಂದ್ರು. ನಮ್ಮತ್ತೆ ಅಡುಗೆಮನೇಲಿ ನನ್ನ ಕೈ ಹಿಡ್ಕೊಂಡ್ರು. ಅವರ ಕೈ ನನ್ನ ಕೈ ಮುಟ್ಟಿದ್ದೇ ಅಪರೂಪ. "ನನ್ ಮಾತು ಅವನಿಗೆ ಹಿಡಿಯಾಕಿಲ್ಲ ಕಣೇ. ನೀನು ಹೇಳಿದ್ರೆ ಕೇಳ್ತಾನೆ. ಅವ್ನು ಮತ್ತೆ ಇಳೀದಂಗೆ ಮಾಡು." ಅಷ್ಟೇ ಅಂದ್ರು.

ಹೆಂಗ್ ಮಾಡೋದು ಹೇಳಿ. ಕಟ್ಟಿ ಹಾಕೋಕಾಗ್ತದಾ? ಬೈದೆ, ಕಣ್ಣೀರು ಹಾಕಿದೆ, ದೇವರ ಮೇಲೆ ಆಣೆ ಹಾಕಿಸಿದೆ. ತಲೆಯಾಡಿಸೋನು.

ಹಿಂಗಿರುವಾಗ ಒಂದು ಸುದ್ದಿ ಬಂತು. ಆ ಕ್ವಾರಿ ಯಾರೋ ಹೊಸಬರಿಗೆ ಗುತ್ತಿಗೆಗೆ ಹೋಗಿದೆ, ದೊಡ್ಡ ದೊಡ್ಡ ಪಂಪಿಟ್ಟು ನೀರು ಹೊಡೀತಿದಾರೆ ಅಂತ. ನಂಗೆ ಜೀವ ಬಂದಂಗಾಯ್ತು. ನೀರೇ ಇಲ್ಲ ಅಂದ್ರೆ ಮುಳುಗೋದು ಎಲ್ಲಿ? ಜೊತೆಗೆ ಆ ತಳಾನ ಹಗಲು ಬೆಳಕಲ್ಲಿ ಕಣ್ಣಾರೆ ನೋಡ್ಲಿ, ಒಂದು ಗುಂಡಿ ಅಷ್ಟೇ ಅಂತ ಗೊತ್ತಾಗ್ಲಿ. ನೀರು ಪೂರ್ತಿ ಖಾಲಿ ಆಯ್ತು ಅಂತ ತಿಳಿದ ಮೇಲೆ ನಾನೇ ಅವನನ್ನ ಕರ್ಕೊಂಡು ಜಾವಗಲ್ ಮೇಲೆ ಹೋಗೋ ಬಸ್ ಹತ್ತಿದೆ.

ಲಾರಿ ಇಳಿಯೋ ದಾರಿ ಮಾಡಿದ್ರು. ಕೆಲಸ ಇನ್ನೂ ಶುರುವಾಗಿರ್ಲಿಲ್ಲ. ಕಾವಲಿನವರನ್ನ ಕೇಳ್ಕೊಂಡು ಇಳಿದ್ವಿ. ಅವನ ಕೋಲಿನ ಸದ್ದು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬರೋದು. ಮೇಲೆ ಆ ಚಾಚು ಬಂಡೆ ಕಾಣ್ತು, ಮೋಟ್ರು ಕೂತಿದ್ದದ್ದು. ಅದನ್ನ ದಾಟಿ, ಇನ್ನೂ ಕೆಳಗೆ, ಇನ್ನೂ ಕೆಳಗೆ. ಆಕಾಶ ಒಂದು ಟವೆಲ್ ಅಷ್ಟಾಯ್ತು.

ತಳಕ್ಕೆ ಬಂದು ನಿಂತ್ವಿ.

ಕಲ್ಲು. ಸುತ್ತ ಎಲ್ಲಿ ನೋಡಿದ್ರೂ ಕಲ್ಲು. ಡ್ರಿಲ್ಲಿಂಗ್ ಮಾಡಿದ ಗೆರೆಗಳು ಹಂಗೇ ಇವೆ. ಒಂದು ಮೂಲೇಲಿ ಪಾಚಿ, ಕೊಳೆತ ಸೊಪ್ಪು, ಅಷ್ಟೇ. ಒಂದು ಹಿಡಿ ಮಣ್ಣಿಲ್ಲ. ಎಲ್ಲಿಂದ ಬರ್ಬೇಕು? ಕಲ್ಲು ಕುಯ್ದ ಗುಂಡಿ ಅದು. ಬಾವಿಗೆ ಮಣ್ಣಿನ ತಳ, ಕ್ವಾರಿಗೆ ಕಲ್ಲಿನ ತಳ. ಚಿಕ್ಕ ಮಗುಗೂ ಗೊತ್ತಾಗೋ ವಿಷ್ಯ. ತಲೆತಲಾಂತರದಿಂದ ಬಾವಿಗಿಳಿದ ಮನೆಯವರಿಗೆ, ನಮ್ಮನೆಯವರಿಗೆ, ಕೆಣಕಿದ ಆ ಗೆಂಡೆಹಳ್ಳಿಯವನಿಗೆ, ಬುತ್ತಿ ತಂದ ನನಗೆ, ಒಬ್ರಿಗೂ ಹೊಳೀಲಿಲ್ಲ. ನೀರು ಅಂದ್ಮೇಲೆ ಕೆಳಗೆ ಮಣ್ಣು ಇದ್ದೇ ಇರ್ತದೆ ಅಂತ ಎಲ್ರೂ ಅಂದ್ಕೊಂಡಿದ್ವಿ.

"ನೋಡ್ಕೊಂಡ್ಯಾ?" ಅಂದೆ. ನನ್ನ ಧ್ವನಿ ನನಗೇ ಎರಡೆರಡು ಸಲ ಕೇಳಿಸ್ತು. "ಇಷ್ಟೇ ಕಣಪ್ಪಾ. ನಿನ್ನ ಕೈ ಬರಿಗೈ ಆಗಿದ್ದು ನಿನ್ನ ತಪ್ಪಲ್ಲ. ಇಲ್ಲಿ ತರೋಕೆ ಏನೂ ಇರ್ಲೇ ಇಲ್ಲ."

ಅವನು ಕಷ್ಟಪಟ್ಟು ಕೂತ. ಅಂಗೈ ಕಲ್ಲ ಮೇಲೆ ಇಟ್ಟ. ಒರಟು ಕಲ್ಲು, ಕೈ ತರಚೋ ಅಂಥದ್ದು. ಸವರಿದ. ಸುತ್ತ ನೋಡಿದ, ಮೇಲೆ ನೋಡಿದ. ನಾನು ಕಾಯ್ತಿದ್ದೆ, ಅಳ್ತಾನೆ, ಇಲ್ಲಾ ನಗ್ತಾನೆ, ಇಲ್ಲಿಗೆ ಮುಗೀತದೆ ಅಂತ.

"ಇದಲ್ಲ ಅತ್ಗೆ," ಅಂದ.

"ಏನು ಇದಲ್ಲ?"

"ನಾನ್ ಹೋಗಿದ್ದ ಜಾಗ ಇದಲ್ಲ."

ಅವನ ಮುಖದಲ್ಲಿ ದುಃಖ ಇರ್ಲಿಲ್ಲ. ವಿಳಾಸ ತಪ್ಪಿದವನ ಮುಖ, ಅಷ್ಟೇ. ಮೇಲಕ್ಕೆ ಹತ್ತಿ ಬರುವಾಗ ನಾನು ಹಿಂದಕ್ಕೆ ತಿರುಗಿ ನೋಡ್ಲಿಲ್ಲ.

ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ "ಹಳೇಬೀಡು, ಬೇಲೂರು, ಬೇಲೂರು" ಅಂತ ಕೂಗ್ತಿದ್ದ. ಹತ್ತಿ ಕೂತ್ವಿ. ನಾನು ಕಡಲೆಕಾಯಿ ಪೊಟ್ಟಣ ಬಿಚ್ಚಿದೆ. ಬಸ್ಸು ಜಾವಗಲ್ ದಾಟೋ ತನಕ ಅವನು ಕಡಲೆಕಾಯಿ ಸುಲಿದು ಸುಲಿದು ಬೀಜ ನನಗೆ ಕೊಡ್ತಿದ್ದ. ಆಮೇಲೆ ಕಿಟಕಿ ಆಚೆ ನೋಡ್ತಾ, ತೀರಾ ಸಾದಾ ಧ್ವನೀಲಿ ಕೇಳಿದ.

"ಅತ್ಗೆ, ಬೇಲೂರಲ್ಲಿ ಯಗಚಿ ಡ್ಯಾಮು ಎಷ್ಟಾಳ ಐತೆ?"

ಆಗ ಅರ್ಥ ಆಯ್ತು ನಂಗೆ. ಅವನಿಗೆ ಮಣ್ಣೂ ಬೇಕಿಲ್ಲ, ಕ್ವಾರೀನೂ ಬೇಕಿಲ್ಲ. ಆ ಕೆಂಪು ಮುಳ್ಳು ಚಂದ ಕಾಣೋ ಜಾಗ ಬೇಕು. ಅದು ಯಾವ ನೀರಲ್ಲಿ ಬೇಕಾದ್ರೂ ಸಿಗ್ತದೆ, ಆಳ ಒಂದಿದ್ರೆ ಸಾಕು, ಬೆನ್ನಿಗೆ ನಾವು ನೀವು ಉಸಿರಾಡೋ ಗಾಳಿ ಇದ್ರೆ ಸಾಕು.

ಮನೆಗೆ ಬಂದವಳು ಸೀರೆ ಬದಲಾಯಿಸ್ಲಿಲ್ಲ. ನೆಟ್ಟಗೆ ಏಣಿ ಹತ್ತಿ ಅಟ್ಟದಿಂದ ಆ ನಳಿಕೆ ಸೆಟ್ಟು ತಂದೆ. ಅಡುಗೆಮನೇಲಿ ಈಳಿಗೆ ಮಣೆ ಹಾಕ್ಕೊಂಡು ಕೂತೆ. ಹುರುಳಿಕಾಯಿ ಹೆಚ್ಚೋ ಹಂಗೆ ಆ ರಬ್ಬರ್ ನಳಿಕೇನ ಹೆಚ್ಚೋಕೆ ಶುರು ಮಾಡ್ದೆ. ಗಟ್ಟಿ ರಬ್ಬರು, ಒಳಗೆ ನೂಲಿನ ಹೆಣಿಗೆ. ಕೈ ಬೊಬ್ಬೆ ಬಂತು. ನಮ್ಮತ್ತೆ ಬಂದು ಎದುರಿಗೆ ಕೂತು ಆ ಕಡೆ ತುದಿ ಬಿಗಿಯಾಗಿ ಹಿಡ್ಕೊಂಡ್ರು. ಬಾಯಿಗೆ ಕಚ್ಕೊಳ್ಳೋ ರಬ್ಬರ್ ಮೇಲೆ ಅವನ ಹಲ್ಲಿನ ಗುರುತಿತ್ತು. ಅದನ್ನೂ ಕುಯ್ದೆ.

ಮೈದುನ ಬಾಗಿಲಲ್ಲಿ ಕೋಲೂರಿ ನಿಂತು ನೋಡ್ತಿದ್ದ. ತಡೀತಾನೆ ಅಂದ್ಕೊಂಡಿದ್ದೆ. ಕಿರುಚ್ತಾನೆ ಅಂದ್ಕೊಂಡಿದ್ದೆ. ತುಂಡುಗಳೆಲ್ಲ ಮೊರದಲ್ಲಿ ರಾಶಿ ಆದ ಮೇಲೆ, "ಅತ್ಗೆ, ಸಾರು ಮಾಡ್ತೀಯಾ ಪಲ್ಯ ಮಾಡ್ತೀಯಾ?" ಅಂದ.

ಎಷ್ಟೋ ಕಾಲದ ಮೇಲೆ ಅವನ ಬಾಯಿಂದ ಬಂದ ತಮಾಷೆ. ನಮ್ಮತ್ತೆ ನಕ್ಕರೋ ಅತ್ತರೋ ನಂಗೆ ಗೊತ್ತಾಗ್ಲಿಲ್ಲ, ಸೆರಗು ಮುಖದ ಮೇಲಿತ್ತು. ಖಾಲಿ ಸಿಲಿಂಡರ್‌ಗಳನ್ನ ನಮ್ಮನೆಯವ್ರು ಗುಜರಿಗೆ ಹಾಕಿದ್ರು.

ಅವನು ಮತ್ತೆ ನೀರಿಗಿಳೀಲಿಲ್ಲ. ಬದುಕಿದಾನೆ. ಅಂಗಡಿ ನಡೀತಿದೆ, ಇಬ್ಬರಿಗೆ ಕೆಲಸ ಕಲಿಸಿದಾನೆ. ಯಾರ ಮೋಟ್ರಾದ್ರೂ ಬಾವಿಗೆ ಬಿದ್ರೆ ಕ್ರೇನಿನವರ ನಂಬರ್ ಕೊಟ್ಟು ಕಳಿಸ್ತಾನೆ.

ಆದ್ರೆ ಬೆಳಗ್ಗೆ ತುಳಸಿಕಟ್ಟೆಗೆ ನೀರು ಹಾಕೋದು ಅವನೇ, ಅತ್ತೆ ಹೋದ ಮೇಲೆ ಬೇರೆ ಯಾರಿಗೂ ಬಿಡಲ್ಲ. ನೀರು ಹಾಕಿ, ತಂಬಿಗೇಲಿ ಉಳಿದ ನೀರಲ್ಲಿ ಬಲಗೈ ಅದ್ದಿ, ಕಟ್ಟೆಯ ಕಲ್ಲಿನ ಮೇಲೆ ಅಂಗೈ ಒತ್ತಿ ತೆಗೀತಾನೆ. ಐದು ಬೆರಳೂ ಚೆನ್ನಾಗಿ ಮೂಡ್ತದೆ. ಕೋಲಿಗೆ ಗದ್ದ ಊರಿ ಅದು ಆರೋದನ್ನ ನೋಡ್ತಾ ನಿಂತಿರ್ತಾನೆ. ಮೊದಲು ಕಿರುಬೆರಳು ಹೋಗ್ತದೆ. ಕೊನೆಗೆ ಅಂಗೈ ನಡು.

ನಾನು ಒಳಗಿಂದ ಕರೀತಾ ಇರ್ತೀನಿ, ತಿಂಡಿ ಆರ್ತದೆ ಬಾರಪ್ಪ ಅಂತ. ಪೂರ್ತಿ ಆರಿದ ಮೇಲೇನೇ ಅವನು ಬರೋದು.